ಬ್ಯಾಮಿಯ ಅಜ್ಜಿ ಗೇಟಿಗೆ ಬಂದದ್ದು

ಗುವಾಂಗೊ ಮನೆಯ ಮಿಸ್ ವಿನ್ನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕೂಗಾಡುವ ಹೆಂಗಸರ ನಡುವೆಯೇ ಬೆಳೆದ ನಮ್ಮ ಮಕ್ಕಳಿಗೆ ಇದು ಹೊಸದು. "ಮಿಸ್ ವಿನ್ನಿ ಮೆಲ್ಲಗೆ ಮಾತಾಡ್ತಿದಾರೆ ಕಣ್ರೋ" ಎಂದು ಯಾರಾದರೂ ಓಡಿ ಬಂದು ಹೇಳಿದರೆ ಸಾಕು, ಮಾವಿನ ಮರ ಹತ್ತಿ ಕೂತಿದ್ದವರೆಲ್ಲ ದಡದಡ ಇಳಿದು ಕೈ ತೊಳೆಯಲು ಹೋಗುತ್ತಿದ್ದರು. ಒಂದು ಪೆಟ್ಟು ಹೊಡೆಯದೆ, ಒಂದು ಬೈಗುಳ ಆಡದೆ ಆ ಹೆಂಗಸು ಮನೆ ತುಂಬ ಮಕ್ಕಳನ್ನು ಆಳಿದ ಪರಿ ನೆನೆದರೆ ಇವತ್ತಿಗೂ ನನಗೆ ಸೋಜಿಗ.

ಮನೆ ಇದ್ದದ್ದು ಮೇ ಪೆನ್ ಪೇಟೆಯಾಚೆ, ಕಬ್ಬಿನ ಗದ್ದೆಗಳ ಅಂಚಿನಲ್ಲಿ. ಯಾವುದೋ ಕಾಲದ ತೋಟದ ದೊರೆಯ ಬಂಗಲೆ. ಮೇಲೆ ತಗಡಿನ ಸೂರು, ಸುತ್ತ ಅಗಲವಾದ ಜಗಲಿ, ಅಂಗಳದಲ್ಲಿ ಅರ್ಧ ಊರಿಗೆ ನೆರಳು ಕೊಡುವಂಥ ಗುವಾಂಗೊ ಮರ. ದಿಕ್ಕಿಲ್ಲದ ಮಕ್ಕಳನ್ನು ಸರ್ಕಾರ ಅಲ್ಲಿಗೆ ಕಳಿಸುತ್ತಿತ್ತು. ತಪ್ಪು ಮಾಡಿದ ಮಕ್ಕಳನ್ನು ಕೋರ್ಟೂ ಅಲ್ಲಿಗೇ ಕಳಿಸುತ್ತಿತ್ತು. ಇವರಿಗೆ ಬೇರೆ ಅವರಿಗೆ ಬೇರೆ ಎನ್ನುವ ಕಾಲ ಇನ್ನೂ ಬಂದಿರಲಿಲ್ಲ. ಕೋಳಿ ಕದ್ದವನೂ ತಾಯಿ ಸತ್ತವಳೂ ಬೆಳಿಗ್ಗೆ ಒಂದೇ ಹಂಡೆಯ ಮೆಕ್ಕೆಜೋಳದ ಗಂಜಿ ಕುಡಿಯುತ್ತಿದ್ದರು. ಜಾಯಿಕಾಯಿ ತುರಿದು, ಡಬ್ಬಿ ಹಾಲು ಸುರಿದ ಆ ಗಂಜಿಯ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಈಗ ಅಲ್ಲಿಗೆ ಹೋದರೆ ಬಣ್ಣ ಹೊಡೆದ ಗೋಡೆ ಇದೆ, ದೊಡ್ಡ ಬೋರ್ಡು ಇದೆ, ಆ ವಾಸನೆ ಮಾತ್ರ ಇಲ್ಲ.

ವಿನ್ನಿ ಅಲ್ಲಿ ಸೇರಿದ್ದು ಅಡುಗೆಮನೆಯ ಆಳಾಗಿ. ಆಗಿನ ಮೇಟ್ರನ್ನಿಗೆ ಗೊತ್ತಿದ್ದ ಔಷಧಿ ಎರಡೇ: ಹರಳೆಣ್ಣೆ ಮತ್ತು ಬೆಲ್ಟು. ಕೆಲಸದವರು ಮೇಟ್ರನ್ನಿಗಿಂತ ಒಂದು ಕೈ ಮೇಲು. ಮಕ್ಕಳಿಗೆಲ್ಲ ಅಡ್ಡಹೆಸರು ಇಟ್ಟಿದ್ದರು. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ ಹುಡುಗಿ 'ಕೊಳ', ಕಾಲು ಸೊಟ್ಟಗಿದ್ದವನು 'ಕತ್ತರಿ', ತೀರಾ ಕಪ್ಪಗಿದ್ದವನು 'ಆರಿದ ಕೆಂಡ'. ಕೊಳ ಎಂದು ಕರೆದಾಗಲೆಲ್ಲ ಆ ಹುಡುಗಿಯ ಭುಜ ಕಿವಿಯವರೆಗೆ ಏರುತ್ತಿದ್ದುದನ್ನು ವಿನ್ನಿ ಪಾತ್ರೆ ಉಜ್ಜುತ್ತಲೇ ನೋಡಿದ್ದರು. ಅಡುಗೆಯ ಆಳಿನ ಮಾತು ಕೇಳುವವರು ಯಾರು?

ಆಮೇಲೆ ಕಾಲ ತಿರುಗಿತು. ಮಕ್ಕಳ ಮನೆಗಳ ಕೆಲಸದವರಿಗೆ ಕಿಂಗ್‌ಸ್ಟನ್ನಿನಲ್ಲಿ ತರಬೇತಿ ಶುರುವಾದಾಗ ಮೇಟ್ರನ್ ಬೇಡವಾದವರನ್ನು ಸಾಗಹಾಕುವ ಉಪಾಯದಲ್ಲಿ ವಿನ್ನಿಯ ಹೆಸರು ಕೊಟ್ಟರು. ಹೋದ ವಿನ್ನಿ ಬೇರೆಯೇ ಹೆಂಗಸಾಗಿ ತಿರುಗಿ ಬಂದರು. ಕೆಲವು ವರ್ಷಗಳಲ್ಲಿ ಮೇಟ್ರನ್ ನಿವೃತ್ತರಾಗಿ, ಮನೆ ವಿನ್ನಿಯ ಕೈಗೆ ಬಂತು. ಬೆಲ್ಟು ಒಲೆ ಸೇರಿತು. ಅಡ್ಡಹೆಸರುಗಳು ನಿಂತವು. "ಈ ಮನೇಲಿ ಪ್ರತಿ ಮಗೂಗೂ ಅದರ ನಿಜವಾದ ಹೆಸರು ಇದೆ. ಕಾಗದದಲ್ಲಿ ಏನಿದೆಯೋ ಅದನ್ನೇ ಕರೀಬೇಕು. ಬೇರೆ ಹೆಸರು ನಿಮ್ಮ ಬಾಯಲ್ಲಿ ಬಂದ್ರೆ ಆ ಬಾಯಿ ತಗೊಂಡು ಮನೆಗೆ ಹೋಗಿ" ಎಂದು ಮೆಲುದನಿಯಲ್ಲಿ ಹೇಳಿದರು. ಆ ದಿನ ಹುಡುಗರ ಮುಖ ನೋಡಬೇಕಿತ್ತು. ಕತ್ತರಿ ಎನಿಸಿಕೊಂಡವನು ಲಾಯ್ಡ್ ಅಲೆಕ್ಸಾಂಡರ್ ಆಗಿ ಅಂಗಳದಲ್ಲಿ ಎದೆಯುಬ್ಬಿಸಿ ಓಡಾಡಿದ.

ಹೊಸದಾಗಿ ಸೇರಿದ ಕೆಲಸದವರಿಗೆ ಶನಿವಾರ ಬೆಳಿಗ್ಗೆ ಜಗಲಿಯಲ್ಲಿ ಪಾಠ. ಪುಸ್ತಕವಿಲ್ಲ, ಹಲಗೆಯಿಲ್ಲ. ಎಲ್ಲರ ಮಡಿಲಲ್ಲೂ ಹಸಿ ತೊಗರಿಕಾಯಿ. ಭಾನುವಾರದ ಅನ್ನಕ್ಕೆ ಕಾಳು ಬಿಡಿಸುತ್ತ ಬಿಡಿಸುತ್ತ ಕಲಿಯಬೇಕು. ಮಿಸ್ ವಿನ್ನಿಯ ಮಂಡಿಯ ನಡುವೆ ಒಂದು ಮಗು ಕೂತಿರುತ್ತಿತ್ತು, ಅವರು ಅದರ ತಲೆ ಬಾಚಿ ಜಡೆ ಹೆಣೆಯುತ್ತಲೇ ಮಾತಾಡುತ್ತಿದ್ದರು. "ಮಗು ಕೂಗಾಡ್ತಿರುವಾಗ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಅದಕ್ಕೆ ಹೋಗೋಕೆ ದಾರಿ ಕಾಣಿಸ್ತಾ ಇರ್ಲಿ. ಕಂಡ್ರೆ ಹೋಗಲ್ಲ." "ಯಾಕೆ ಹಿಂಗ್ ಮಾಡ್ದೆ ಅಂತ ಕೇಳಬೇಡಿ, ಅದಕ್ಕೇ ಗೊತ್ತಿರಲ್ಲ. ಏನಾಯ್ತು ಅಂತ ಕೇಳಿ." ಇನ್ನೊಂದು ಮಾತನ್ನು ಒತ್ತಿ ಹೇಳುತ್ತಿದ್ದರು: ಗೇಟಿಗೆ ಯಾರೇ ಬಂದು ಮಗುವನ್ನು ಕೇಳಿದರೂ, ಅವರು ಹೇಳಿದ ಹೆಸರು ಕಾಗದದ ಹೆಸರಿಗೆ ಹೊಂದದಿದ್ದರೆ, ಅಂಥ ಮಗು ಇಲ್ಲಿಲ್ಲ ಎಂದು ಹೇಳಿ ಕಳಿಸಬೇಕು. ಅದಕ್ಕೂ ಕಾರಣವಿತ್ತು. ಹಿಂದೊಮ್ಮೆ ಒಬ್ಬ ಕುಡುಕ ಅಪ್ಪ ತಾನು ಮಾವನೆಂದು ಸುಳ್ಳಾಡಿ, ಕಾಗದದಲ್ಲಿಲ್ಲದ ಹೆಸರು ಹೇಳಿ ಮಗಳನ್ನು ಎಳೆದುಕೊಂಡು ಹೋಗಿದ್ದ. ಆ ಹುಡುಗಿಯ ಕಥೆ ಚೆನ್ನಾಗಿ ಮುಗಿಯಲಿಲ್ಲ.

ಆ ಶನಿವಾರ, ಕ್ರಿಸ್‌ಮಸ್ ಕಳೆದ ಹೊಸತು, ವಿನ್ನಿಯ ಮಂಡಿಯ ನಡುವೆ ಕೂತಿದ್ದವಳು ಆಂಟೊನೆಟ್ ಬ್ರಿಸೆಟ್. ಆರು ವರ್ಷದ ಕೂಸು. ಪಟ್ಟಣದ ಬಾಡಿಗೆ ಕೋಣೆಯಲ್ಲಿದ್ದ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಕ್ಕಪಕ್ಕದವರು ಪೊಲೀಸರಿಗೆ ಒಪ್ಪಿಸಿದ್ದರು. ನೆಂಟರಿಷ್ಟರು ಯಾರೆಂದು ಯಾರಿಗೂ ತಿಳಿಯದು. ಬಂದಾಗಿನಿಂದ ಮಗು ಬಾಯಿ ಬಿಟ್ಟಿರಲಿಲ್ಲ. ಆಂಟೊನೆಟ್ ಎಂದು ಕರೆದರೆ ತಿರುಗುತ್ತಲೂ ಇರಲಿಲ್ಲ. ಕಿವಿ ಕೇಳಿಸದೇನೋ ಎಂದು ಡಾಕ್ಟರಿಗೆ ತೋರಿಸಿದ್ದೂ ಆಗಿತ್ತು. ಇತ್ತ, ಮಕ್ಕಳಿಲ್ಲದ ದಂಪತಿಯೊಬ್ಬರು ಅವಳನ್ನು ಸಾಕಿಕೊಳ್ಳಲು ಮುಂದೆ ಬಂದಿದ್ದರು. ಒಳ್ಳೆಯ ಜನವೇ. ಆದರೆ ಕೆನಡಾಕ್ಕೆ ಹೊರಟು ನಿಂತವರು. ಮಂಗಳವಾರ ಕೋರ್ಟು ಒಪ್ಪಿದರೆ ಮಗು ಅವರ ಜೊತೆ ಹಡಗು ಹತ್ತಿದಂತೆಯೇ.

ಹೊಸ ಕೆಲಸದವರಲ್ಲಿ ಡೊರೆಟ್ ಎನ್ನುವ ಹುಡುಗಿ ಬಲು ಚುರುಕು. ಹೇಳಿದ್ದನ್ನು ಹೇಳಿದಂತೆ ಮಾಡುವವಳು, ಮಾಡಿದ್ದನ್ನು ಹೇಳಿಕೊಳ್ಳಲೂ ಬೇಕು ಅವಳಿಗೆ.

"ಮಿಸ್ ವಿನ್ನಿ, ನಾನು ಗೇಟ್ ಹತ್ರ ಇದ್ದಾಗ ಒಬ್ಬಳು ಮುದುಕಿ ಬಂದಿದ್ಲು. ನೀವು ಹೇಳಿಕೊಟ್ಟ ಹಾಗೇ ಮಾಡ್ದೆ. ಹೆಸರು ಕೇಳ್ದೆ, ಹೊಂದ್ಲಿಲ್ಲ, ಕಳಿಸ್ಬಿಟ್ಟೆ. ಮೂರು ಸಲ ಕೇಳಿದ್ಲು. ನಾನೂ ಮೂರು ಸಲ ಇಲ್ಲ ಅಂದೆ. ಸ್ವಲ್ಪಾನೂ ಬಗ್ಗಲಿಲ್ಲ."

"ಒಳ್ಳೇದು. ಯಾವಾಗ?"

"ಕ್ರಿಸ್‌ಮಸ್‌ಗೆ ಮುಂಚೆ. ಪಾಪ, ಬ್ಯಾಮಿ ಇದಾಳಾ, ಬ್ಯಾಮಿ ಇದಾಳಾ ಅಂತ. ಬ್ಯಾಮಿಯಂತೆ! ಮರಗೆಣಸಿನ ರೊಟ್ಟಿ ಹೆಸರು ಮಗೂಗೆ ಯಾರಾದ್ರೂ ಇಡ್ತಾರಾ?"

ಉಳಿದವರು ನಕ್ಕರು. ಮಿಸ್ ವಿನ್ನಿಯ ಕೈಯಲ್ಲಿದ್ದ ಅರ್ಧ ಜಡೆ ಮಾತ್ರ ಜಾರಿ ಹೋಯಿತು. ಮಂಡಿಯ ನಡುವಿನ ತಲೆ ಗಕ್ಕನೆ ತಿರುಗಿತ್ತು. ಮಗು ಡೊರೆಟ್‌ಳನ್ನೇ ನೋಡುತ್ತ, ಎಷ್ಟೋ ದಿನದಿಂದ ಬಳಸದ ದನಿಯಲ್ಲಿ ಕೇಳಿತು: "ಅಜ್ಜಿ ಬಂದಿದ್ಲಾ?"

ಜಗಲಿಯ ಮೇಲೆ ಒಂದು ಕಾಳೂ ಬೀಳಲಿಲ್ಲ. ನಮ್ಮ ದ್ವೀಪದಲ್ಲಿ ಹುಟ್ಟಿದವರಿಗೆಲ್ಲ ಎರಡು ಹೆಸರು. ಒಂದು ಪಾದ್ರಿಗೂ ಸರ್ಕಾರಕ್ಕೂ, ಇನ್ನೊಂದು ಬದುಕಲಿಕ್ಕೆ. ಮೊದಲನೆಯದು ಎಷ್ಟೋ ಜನಕ್ಕೆ ಆಸಾಮಿ ಸತ್ತ ಮೇಲೆ ಶವಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿದಾಗಲೇ ಗೊತ್ತಾಗುವುದು. "ಓಹೋ, ಬೂಸಿಯ ಹೆಸರು ಥಿಯೋಫಿಲಸ್ಸಾ!" ಎಂದು ಶವದ ಮುಂದೆ ಮೂಗಿನ ಮೇಲೆ ಬೆರಳಿಡುವ ಜನ ನಾವು. ಇದು ವಿನ್ನಿಗೆ ತಿಳಿಯದ್ದೇ? ಅವರನ್ನೇ ವಿನೆಟ್ ಟಲಕ್ ಎಂದು ಕರೆದರೆ ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡುತ್ತಿದ್ದರು. ಬೈಗುಳದ ಹೆಸರನ್ನು ಗುಡಿಸಿ ಹಾಕುವ ಭರದಲ್ಲಿ ಮುದ್ದಿನ ಹೆಸರನ್ನೂ ಗುಡಿಸಿ ಹಾಕಿದ್ದರು, ಅಷ್ಟೇ.

"ಆ ಮುದುಕಿ ಎಲ್ಲಿಯೋಳು ಅಂದ್ಲು?" ಮಿಸ್ ವಿನ್ನಿಯ ದನಿ ತೀರಾ ಕೆಳಗಿಳಿದಿತ್ತು.

"ನಾನು ಕೇಳ್ಲಿಲ್ಲ ಮಿಸ್... ಬ್ಲೂ ಡವ್ ಬಸ್ಸು ವಾಪಸ್ ಹೋಗುವಾಗ ಎಲ್ಲಿ ನಿಲ್ಲುತ್ತೆ ಅಂತ ಕೇಳಿದ್ಲು. ಕಾಲಲ್ಲೆಲ್ಲ ಕೆಂಪು ಮಣ್ಣು."

ಶನಿವಾರ ಸಂತೆಯ ದಿನ. ಬ್ಲೂ ಡವ್ ಸಂತೆ ಮುಗಿಸಿದವರನ್ನು ತುಂಬಿಕೊಂಡು ಮಧ್ಯಾಹ್ನ ಬೆಟ್ಟ ಹತ್ತುವ ಬಸ್ಸು. ಮಿಸ್ ವಿನ್ನಿ ಏಪ್ರನ್ ಬಿಚ್ಚಿ, ಚರ್ಚಿನ ಟೋಪಿ ಇಟ್ಟುಕೊಂಡು, ಡೊರೆಟ್‌ಳನ್ನು ಎಳೆದುಕೊಂಡು ಹೊರಟೇಬಿಟ್ಟರು. ಮಗುವನ್ನು ಕರೆದೊಯ್ಯುವಂತಿಲ್ಲ, ಕೋರ್ಟಿನ ಅಪ್ಪಣೆ ಬೇಕು. ಗೇಟಿನವರೆಗೂ ಬಂದು ನಿಂತ ಅದರ ಮುಖ ನೋಡಲಾರದೆ ಸರಸರ ನಡೆದರು.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಖಾಲಿ ಬುಟ್ಟಿಗಳು, ಮಾರಾಟವಾಗದ ಗೆಣಸು, ಕಾಲು ಕಟ್ಟಿದ ಒಂದು ಹುಂಜ. ಕಂಡಕ್ಟರು ಕಡ್ಡಿ ಅಗಿಯುತ್ತ ಬಂದ.

"ಎಲ್ಲಿಗೆ ಮಿಸ್?"

"ಗೊತ್ತಿಲ್ಲಪ್ಪಾ."

"ಯಾರ ಮನೆಗೆ?"

"ಅದೂ ಗೊತ್ತಿಲ್ಲ."

"ಭಲೇ! ಬಸ್ಸಲ್ಲಿ ಕೂತಿರೋದಾದ್ರೂ ಗೊತ್ತಿದೆ ತಾನೇ?"

ಬಸ್ಸೆಲ್ಲ ಗೊಳ್ಳೆಂದಿತು. ಮಿಸ್ ವಿನ್ನಿ ಟೋಪಿ ಸರಿ ಮಾಡಿಕೊಂಡು ಕೇಳಿದರು. "ಬ್ರಿಸೆಟ್ ಅನ್ನೋ ಮನೆತನದ ಒಬ್ಬ ವಯಸ್ಸಾದ ಹೆಂಗಸು. ಮಗಳ ಹೆಸರು ಕ್ಲಾರಿಸಾ ಬ್ರಿಸೆಟ್. ಯಾರಿಗಾದ್ರೂ ಗೊತ್ತಾ?"

ಗೆಣಸಿನ ಬುಟ್ಟಿಯ ಹೆಂಗಸು ತಲೆ ಕೆರೆದುಕೊಂಡಳು. "ಬ್ರಿಸೆಟ್ಟಾ? ಒಬ್ಬ ಹಲ್ಲು ಕೀಳೋ ಡಾಕ್ಟ್ರಿದ್ದ. ನನ್ನ ಒಳ್ಳೇ ಹಲ್ಲೇ ಕಿತ್ತ. ಅವನು ಸತ್ತೋದ, ಪುಣ್ಯಾತ್ಮ."

ಇನ್ನೊಬ್ಬರಿಗೆ ಬ್ರಿಸೆಟ್ ಎನ್ನುವ ಪಾದ್ರಿ ಗೊತ್ತು, ಮತ್ತೊಬ್ಬರಿಗೆ ಪೊಲೀಸಿನವ ಗೊತ್ತು. ಮುದುಕಿ ಯಾರಿಗೂ ಗೊತ್ತಿಲ್ಲ. ಕಡೆಗೆ ಡೊರೆಟ್ ಕಂಬ ಹಿಡಿದು ನಿಂತಲ್ಲಿಂದಲೇ ಹೆದರಿ ಹೆದರಿ ಬಾಯಿ ತೆಗೆದಳು. "ಬ್ಯಾಮಿ ಅಂತ ಒಂದು ಮಗು... ಆ ಬ್ಯಾಮಿಯ ಅಜ್ಜಿ..."

ನಗು ಒಮ್ಮೆಲೇ ನಿಂತಿತು. ಕಂಡಕ್ಟರು ಬಾಯಲ್ಲಿದ್ದ ಕಡ್ಡಿ ತೆಗೆದ. ಗೆಣಸಿನ ಹೆಂಗಸು ಡೊರೆಟ್‌ಳನ್ನು ದುರುಗುಟ್ಟಿ ನೋಡಿದಳು.

"ಯಾಕೆ ಮಗಳೇ ಸತ್ತ ಕೂಸಿನ ಹೆಸರು ಎತ್ತುತೀಯಾ? ಮಗಳು ಸತ್ತ ಸುದ್ದಿ ತಡವಾಗಿ ಮುಟ್ಟಿದ ಮೇಲೆ ಅದರ ಅಜ್ಜಿ ಮದರ್ ಲೂ ಪಟ್ಟಣಕ್ಕೆ ಹೋಗಿ ಎಲ್ಲಾ ಕಡೆ ಹುಡುಕಿ ಬಂದ್ಲು. ಸರ್ಕಾರದ ಮನೇಲೂ ಇಲ್ಲ ಅಂದ್ಬಿಟ್ರಂತೆ. ಇನ್ನೇನು, ತಾಯಿ ಜೊತೇಲೇ ಹೋಯ್ತು ಅಂತ ಇಬ್ಬರಿಗೂ ಸೇರಿಸಿ, ಸತ್ತವರಿಗೆ ಮಾಡೋ ಹಾಗೆ, ಒಂಬತ್ತನೇ ರಾತ್ರಿ ಹಾಡಿಸಿದ್ವಿ. ನಾನೇ ಮೀನು ಹುರಿದೆ ಆ ರಾತ್ರಿಗೆ."

"ಆ ಕೂಸು ಬದುಕಿದೆ ತಾಯಿ," ಎಂದರು ಮಿಸ್ ವಿನ್ನಿ. "ಇವತ್ತು ಬೆಳಿಗ್ಗೆ ನಾನೇ ತಲೆ ಬಾಚಿದೀನಿ. ಅರ್ಧ ಜಡೇಲಿ ಬಿಟ್ಟು ಬಂದಿದೀನಿ."

ಆಮೇಲೆ ಬ್ಲೂ ಡವ್ ಯಾವ ಸ್ಟಾಪಿನಲ್ಲೂ ನಿಲ್ಲಲಿಲ್ಲ. ಇಳಿಯಬೇಕಾದವರೂ ಇಳಿಯಲಿಲ್ಲ. ಡ್ರೈವರು ಹಾರನ್ ಮೇಲಿಟ್ಟ ಕೈ ತೆಗೆಯದೆ ಕೆಂಪು ಧೂಳೆಬ್ಬಿಸಿಕೊಂಡು ಸೀಡರ್ ಗ್ರೌಂಡ್ ಎನ್ನುವ ಹಳ್ಳಿಗೆ ನುಗ್ಗಿಸಿದ. ಮದರ್ ಲೂಳ ಅಂಗಳಕ್ಕೆ ಇಡೀ ಬಸ್ಸೇ ಹೋಯಿತು, ಹುಂಜದ ಸಮೇತ.

ಮುದುಕಿ ಕೆಂಪು ಹಣ್ಣು ಬಿಟ್ಟ ಆಕೀ ಮರದ ಕೆಳಗೆ ಮರಗೆಣಸು ತುರಿಯುತ್ತ ಕೂತಿದ್ದಳು. ತಲೆಗೆ ಬಿಳಿ ಬಟ್ಟೆ ಸುತ್ತಿದ್ದಳು. ಬಸ್ಸಿನವರೆಲ್ಲ ಒಟ್ಟಿಗೆ ಕೂಗಿ ಹೇಳಿದ್ದನ್ನು ಕೇಳಿಯೂ ಕೈ ನಿಲ್ಲಿಸಲಿಲ್ಲ. ಗೆಣಸು ಪೂರ್ತಿ ತುರಿದು ಮುಗಿಸಿ, ಕೈ ಒರೆಸಿಕೊಂಡು, ಡೊರೆಟ್‌ಳತ್ತ ಬೆರಳು ಮಾಡಿದಳು.

"ಈ ಹುಡುಗೀನೇ ಅವತ್ತು ಇಲ್ಲ ಅಂದಿದ್ದು."

ಡೊರೆಟ್ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮಿಸ್ ವಿನ್ನಿ ಅವಳ ಮುಂದೆ ಬಂದು ನಿಂತರು. "ಅವಳು ಹೇಳಿದ್ದು ನನ್ನ ಮಾತು, ಮದರ್ ಲೂ. ಹಾಗೆ ಹೇಳಬೇಕು ಅಂತ ಕಲಿಸಿದ್ದೇ ನಾನು. ಬೈಯೋದಿದ್ರೆ ನನ್ನನ್ನ ಬೈಯಿ."

ಮುದುಕಿ ಬೈಯಲಿಲ್ಲ. ಕೇಳಿದಳು. "ಅಲ್ಲಿ ಅವಳನ್ನ ಏನಂತ ಕರೀತೀರಾ?"

"ಆಂಟೊನೆಟ್."

"ಅದ್ಯಾರು?" ಎಂದಳು ಮುದುಕಿ.

ಮಿಸ್ ವಿನ್ನಿ ಅವಳ ಪಕ್ಕದಲ್ಲೇ ಕೂತರು. ಸೋಮವಾರದ ಬಸ್ಸಿಗೆ ಇಳಿದು ಬಾ, ಮಂಗಳವಾರ ಕೋರ್ಟಿನಲ್ಲಿ ಹೀಗೆ ಹೀಗೆ ಹೇಳು, ಮೊಮ್ಮಗಳ ಹೆಸರು ಆಂಟೊನೆಟ್ ಬ್ರಿಸೆಟ್ ಎಂದು ಮತ್ತೆ ಮತ್ತೆ ಹೇಳಿಕೊಟ್ಟು ಬಂದರು. ಮುದುಕಿ ಎಲ್ಲದಕ್ಕೂ ತಲೆಯಾಡಿಸಿದಳು. ಆ ಹೆಸರನ್ನು ಮಾತ್ರ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಮಂಗಳವಾರ ಕೋರ್ಟಿನಲ್ಲಿ ಒಂದು ಕಡೆ ಕೆನಡಾಕ್ಕೆ ಹೊರಟ ದಂಪತಿ, ಅವರ ವಕೀಲರು. ಇನ್ನೊಂದು ಕಡೆ ಮದರ್ ಲೂ, ಅವಳ ಹಿಂದೆ ಸೀಡರ್ ಗ್ರೌಂಡಿನ ಅರ್ಧ ಜನ. ಮಗು ಮಿಸ್ ವಿನ್ನಿಯ ಪಕ್ಕದಲ್ಲಿ ಅಜ್ಜಿಯತ್ತ ಕಣ್ಣು ನೆಟ್ಟು ಕೂತಿತ್ತು. ಕರೆಯುವ ತನಕ ಎದ್ದು ಹೋಗಬಾರದು ಎಂದು ಅದಕ್ಕೆ ಹೇಳಿದ್ದರು. ಮದರ್ ಲೂ ಬೈಬಲ್ ಮುಟ್ಟಿ ಪ್ರಮಾಣ ಮಾಡಿದಳು. ಮ್ಯಾಜಿಸ್ಟ್ರೇಟರು ಕನ್ನಡಕ ಏರಿಸಿ ಕೇಳಿದರು.

"ಆಂಟೊನೆಟ್ ಬ್ರಿಸೆಟ್ ನಿನ್ನ ಮೊಮ್ಮಗಳೋ?"

"ಆ ಹೆಸರಿನೋರು ಯಾರೂ ನಂಗೆ ಗೊತ್ತಿಲ್ಲ, ಯುವರ್ ಆನರ್."

ವಕೀಲರು ಕಾಗದ ಜೋಡಿಸಿಕೊಳ್ಳತೊಡಗಿದರು. ಹಿಂದಿನಿಂದ ಯಾರೋ "ಹೌದು ಅನ್ನು ಮದರ್!" ಎಂದು ಪಿಸುಗುಟ್ಟಿದರು. ಮುದುಕಿ ತಿರುಗಿ ಗದರಿದಳು. "ಬೈಬಲ್ ಮುಟ್ಟಿದೀನಿ, ಸುಳ್ಳು ಹೇಳು ಅಂತೀಯಾ? ನಾಳೆ ದೇವರ ಮುಂದೆ ನೀನು ಬರ್ತೀಯಾ?"

ಮಿಸ್ ವಿನ್ನಿ ಎದ್ದು ನಿಂತುಬಿಟ್ಟರು. "ಯುವರ್ ಆನರ್, ಅವಳನ್ನ ಹಾಗೆ ಕೇಳಬೇಡಿ. ಹೀಗೆ ಕೇಳಿ, ಆ ಬೆಂಚಿನ ಮೇಲೆ ಕೂತಿರೋ ಮಗು ಯಾರು ಅಂತ."

"ಮಿಸ್ ಟಲಕ್, ಈ ಕೋರ್ಟಿಗೆ ನೀವು ತರಬೇತಿ ಕೊಡೋದು ಬೇಡ. ಕೂತ್ಕೊಳ್ಳಿ." ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿದರು. ಅವರೂ ಬೆಟ್ಟದ ಕಡೆಯವರೇ. "ನಮ್ಮಜ್ಜಿಗೂ ನನ್ನ ಹೆಸರು ಗೊತ್ತಿರಲಿಲ್ಲ" ಎಂದರು. "ಅವಳು ಏನಂತ ಕರೀತಿದ್ಲು ಅನ್ನೋದು ಇಲ್ಲಿ ಯಾರಿಗೂ ಬೇಡ. ಹೇಳಮ್ಮಾ, ಆ ಮಗು ಯಾರು?"

"ಬ್ಯಾಮಿ. ನನ್ನ ಮರ್ಲ್‌ಳ ಮಗಳು. ಹುಟ್ಟಿದ್ದು ನನ್ನ ಮಂಚದ ಮೇಲೆ. ಎಡಗಿವಿಯ ಹಿಂದೆ, ಕೂದಲೊಳಗೆ, ಒಂದು ಸುಟ್ಟ ಕಲೆ ಇದೆ. ನಾನು ರೊಟ್ಟಿ ಸುಡೋವಾಗ ಅಂಬೆಗಾಲಲ್ಲಿ ಬಂದು ಸುಟ್ಟುಕೊಂಡಿದ್ದು. ಆಮೇಲೆ ಮರ್ಲ್ ಕರ್ಕೊಂಡು ಪಟ್ಟಣಕ್ಕೆ ಹೋದ್ಲು. ಅಷ್ಟೇ ನಂಗೆ ಗೊತ್ತಿರೋದು ಯುವರ್ ಆನರ್."

ಕಾಗದದ ಕ್ಲಾರಿಸಾಳೇ ಮನೆಯವರಿಗೆ ಮರ್ಲ್. ಆ ಕಲೆ ಮಿಸ್ ವಿನ್ನಿಗೆ ಚೆನ್ನಾಗಿ ಗೊತ್ತಿತ್ತು. ಬಾಚುವಾಗ ನೋಯದಿರಲಿ ಎಂದು ಪ್ರತಿಸಲ ಬೆರಳು ಅಡ್ಡ ಇಟ್ಟ ಜಾಗ ಅದು. ಹೌದು ಎಂದು ಅವರು ಹೇಳಿದ ಮೇಲೆ ಕೆನಡಾಕ್ಕೆ ಹೊರಟಿದ್ದ ಹೆಂಗಸೇ ಮೊದಲು ಕಣ್ಣೊರೆಸಿಕೊಂಡು, ನಮಗೆ ಬೇಡ, ಮಗು ಅಜ್ಜಿಗೇ ಸೇರಲಿ ಎಂದಳು. ಮಗು ಕೈ ಬಿಡಿಸಿಕೊಂಡು ನಗುತ್ತ ಅಜ್ಜಿಯತ್ತ ಓಡಿತು. ಮಿಸ್ ವಿನ್ನಿಯತ್ತ ತಿರುಗಿಯೂ ನೋಡಲಿಲ್ಲ. ಅವರಿಗೆ ಸಂತೋಷವಾಯಿತು, ಸುಳ್ಳೇಕೆ, ಹೊಟ್ಟೆಕಿಚ್ಚೂ ಆಯಿತು. ಅಷ್ಟು ದಿನ ಅವರ ಮಂಡಿಯ ನಡುವೆ ಕೂತ ಕೂಸು ಒಂದು ದಿನವೂ ಹಾಗೆ ನಕ್ಕಿರಲಿಲ್ಲ.

ಗುವಾಂಗೊ ಮನೆಗೆ ಮರಳಿದಾಗ ಡೊರೆಟ್ ಹಾಡಿಕೊಂಡು ಒಳಗೆ ಹೋದಳು. ಮಿಸ್ ವಿನ್ನಿ ಗೇಟಿನಲ್ಲೇ ನಿಂತರು. ಮೊದಲಿನಿಂದಲೂ ಅಲ್ಲಿ ಕಾವಲಿಗಿದ್ದವನು ಮಾಸ್ ಫರ್ಡಿ.

"ಮಾಸ್ ಫರ್ಡಿ, ಈ ಹಿಂದೇನೂ ಹೀಗೆ ಯಾರಾದ್ರೂ ಬಂದು ನಮ್ಮ ಕಾಗದದಲ್ಲಿ ಇಲ್ಲದ ಹೆಸರು ಕೇಳ್ತಿದ್ರಾ?"

ಮುದುಕ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡಿದ. "ಬರ್ತಿದ್ರು ಮಿಸ್ ವಿನ್ನಿ. ಕೇಳಿ ಹೋಗ್ತಿದ್ರು. ಎಲ್ಲರೂ ಮೂರು ಸಲ ಕೇಳ್ತಿರಲಿಲ್ಲ."

ಅಂದು ಸಂಜೆ ಊಟದ ಗಂಟೆಗೆ ಮುಂಚೆಯೇ ಮಿಸ್ ವಿನ್ನಿ ಮಕ್ಕಳನ್ನೆಲ್ಲ ಜಗಲಿಗೆ ಕರೆದರು. ಮನೆಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದರು. ಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಇದೇನು ಪರೀಕ್ಷೆಯೋ ಎಂದು. ಆಮೇಲೆ ಒಬ್ಬ "ನಟ್ಟಿ!" ಎಂದ. "ನಾನು ಚಿನ್-ಚಿನ್ ಮಿಸ್!" "ನನ್ನನ್ನ ಪಾಪಾ ಜಡ್ಜ್ ಅಂತಿದ್ದ, ಯಾವಾಗ್ಲೂ ತೀರ್ಪು ಹೇಳ್ತೀನಿ ಅಂತ!" "ಟುಟುಸ್!" ಕೋಳಿ ಕದ್ದ ಪ್ರಕರಣದಲ್ಲಿ ಬಂದ ದಾಂಡಿಗನೊಬ್ಬ ನಾಚುತ್ತ 'ಶುಗರ್' ಎಂದಾಗ ಜಗಲಿಯೇ ಬಿದ್ದು ಬಿದ್ದು ನಕ್ಕಿತು. ಒಬ್ಬರನ್ನೊಬ್ಬರು ಹೊಸ ಹೆಸರಿನಲ್ಲಿ ಕೂಗಿಕೊಂಡು ಅಂಗಳದ ತುಂಬ ಓಡಾಡಿದರು. ಆ ಮನೆಯಲ್ಲಿ ಅಂಥ ಗದ್ದಲ ನಾನು ಮತ್ತೆ ಕೇಳಲಿಲ್ಲ. ಕೇಳಬೇಕೆಂದು ಇಂದಿಗೂ ಆಸೆಯಾಗುತ್ತದೆ.

ಜಗಲಿಯ ಕಂಬದ ಹತ್ತಿರ ಮರ್ಲೀನ್ ಒಬ್ಬಳೇ ಉಳಿದಿದ್ದಳು. ಹದಿನೇಳು ತುಂಬಿದವಳು. ಇನ್ನೇನು ಕಿಂಗ್‌ಸ್ಟನ್ನಿನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿ ಮನೆ ಬಿಡುವವಳು. ನಾಲ್ಕು ವರ್ಷದವಳಿದ್ದಾಗ ಬಂದವಳನ್ನು ಮಿಸ್ ವಿನ್ನಿಯೇ ಎತ್ತಿ ಆಡಿಸಿ ಬೆಳೆಸಿದ್ದರು.

"ನಿನ್ನನ್ನ ಏನಂತ ಕರೀತಿದ್ರು ಮರ್ಲೀನ್?"

ಮರ್ಲೀನ್ ಹುಬ್ಬು ಗಂಟಿಕ್ಕಿ ಯೋಚಿಸಿದಳು. ನಾಲಿಗೆಯ ತುದಿಯಲ್ಲಿ ಏನೋ ಇದ್ದಂತೆ ತುಟಿ ಆಡಿಸಿದಳು. ಆಮೇಲೆ ಮಿಸ್ ವಿನ್ನಿಗೆ ಬೇಸರವಾಗಬಾರದೆಂದು ಸ್ವಲ್ಪ ನಕ್ಕಳು.

"ಒಂದಿತ್ತು ಮಿಸ್. ಮರೆತೋಯ್ತು. ಇಲ್ಲಿ ಯಾರೂ ಕೇಳ್ಲಿಲ್ವಲ್ಲ."